ಬಾಣಂತಿ ಕೋಣೆಯಲ್ಲಿ ಹುಳದ ಮನೆ ಕಾನೂನು

ನಿವೃತ್ತಿಯಾದ ಮೇಲೆ ನನ್ನನ್ನು ಒಂದೇ ಒಂದು ಸಲ ಭಾಷಣಕ್ಕೆ ಕರೆದರು. ಕೋಲಾರದಲ್ಲಿ, ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯರ ತರಬೇತಿಗೆ. ನನಗೆ ಕೊಟ್ಟಿದ್ದು ಹತ್ತು ನಿಮಿಷ. ಅದರಲ್ಲಿ ಐದು ನಿಮಿಷ ಮೈಕು ಕೈಕೊಟ್ಟಿತು, ಉಳಿದ ಐದು ನಿಮಿಷ ನಾನು ನಗುತ್ತಾ ನಿಂತಿದ್ದೆ. ಹಳೆಯದು ನೆನಪಾದರೆ ನನಗೆ ಮೊದಲು ಬರುವುದು ನಗು, ಮಾತು ಆಮೇಲೆ. ಊಟದ ಹೊತ್ತಿನಲ್ಲಿ ಒಬ್ಬ ಹುಡುಗಿ ತಟ್ಟೆ ಹಿಡಿದುಕೊಂಡು ಬಂದು, ‘ಆಂಟಿ, ನೀವು ಏನೋ ಹೇಳೋಕೆ ಹೊರಟಿದ್ರಲ್ಲ, ಏನದು?’ ಎಂದು ಕೇಳಿದಳು. ಅವಳ ಹೆಸರು ಕೇಳುವುದನ್ನೂ ಮರೆತೆ. ಇದು ಅವಳಿಗೆ.

ನಾನು ಮಾಸ್ತಿ ಕಡೆಯವಳು. ರಾಗಿ, ಬೀನ್ಸು, ಎರಡು ಸೀಮೆಹಸು ಇದ್ದ ಮನೆ. ನರ್ಸ್ ತರಬೇತಿ ಮುಗಿಸಿ ಚೀಲ ಹೆಗಲಿಗೆ ಹಾಕಿದವಳು ಮಾಲೂರು, ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ ನಾಲ್ಕೂ ತಾಲ್ಲೂಕು ಸುತ್ತಿ ಅದೇ ಚೀಲ ಇಳಿಸಿದೆ. ನಡುವೆ ಬಡ್ತಿ ಬಂತೇ, ಯಾವಾಗ ಬಂತು ಎನ್ನುವುದೆಲ್ಲ ಪಿಂಚಣಿ ಕಾಗದದಲ್ಲಿದೆ. ಅದರಲ್ಲಿ ಓದಿ ಆನಂದಿಸುವಂಥದ್ದು ಏನೂ ಇಲ್ಲ.

ನಾನು ಸೇರಿದಾಗ ಆರೋಗ್ಯ ಶಿಕ್ಷಣವೆಂದರೆ ಚಿತ್ರಪಟ. ನಾನು ನಿಂತು ಪಟ ತಿರುವುತ್ತಾ ಮಾತಾಡುವುದು, ಹೆಂಗಸರು ಕೂತು ಅವರೆಕಾಯಿ ಸುಲಿಯುವುದು. ಕೊನೆಗೆ ಅರ್ಥವಾಯಿತೇ ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಿದ್ದರು. ಒಂದು ಮಧ್ಯಾಹ್ನ ಪಟವನ್ನು ತಲೆಕೆಳಗಾಗಿ ಹಿಡಿದು ಅರ್ಧ ಗಂಟೆ ಪಾಠ ಮಾಡಿದ್ದೇನೆ. ಅವತ್ತೂ ಎಲ್ಲರಿಗೂ ಅರ್ಥವಾಗಿತ್ತು.

ಆಮೇಲೆ ಗುಂಪು ಸಭೆಗಳು ಬಂದವು. ತಿಂಗಳಿಗೊಮ್ಮೆ ಊರಿನ ಹೆಂಗಸರು ಸುತ್ತಾಗಿ ಕೂರಬೇಕು. ಬಸುರಿಗೆ, ಬಾಣಂತಿಗೆ, ಹಸುಗೂಸಿಗೆ ತಮ್ಮ ಊರಿನಲ್ಲಿ ಏನೇನು ತೊಂದರೆ ಎಂದು ಅವರೇ ಹೇಳಬೇಕು. ಯಾವುದು ದೊಡ್ಡ ತೊಂದರೆ ಎಂದು ಓಟು ಹಾಕಿ ಅವರೇ ಆರಿಸಬೇಕು. ಅದಕ್ಕೆ ಉಪಾಯವನ್ನೂ ಅವರೇ ಹುಡುಕಬೇಕು. ನರ್ಸಮ್ಮ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಇಡೀ ನೌಕರಿಯಲ್ಲಿ ನನಗೆ ಇಷ್ಟು ಕಷ್ಟದ ಆದೇಶ ಇನ್ನೊಂದು ಬರಲಿಲ್ಲ. ಮೊದಮೊದಲು ನಮ್ಮ ಮೇಲ್ವಿಚಾರಕಿ ಮೇಡಂ ಜೊತೆಗೆ ಬರುತ್ತಿದ್ದರು. ನಾನು ಬಾಯಿ ತೆರೆದಾಗಲೆಲ್ಲ ಅವರು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಿದ್ದರು. ಸುಮ್ಮನಿರು ಎಂದು ನನಗೆ ಸನ್ನೆ. ಮೊದಲ ಸಭೆ ಮುಗಿಯುವ ಹೊತ್ತಿಗೆ ಆ ಕನ್ನಡಕ ಹೊಳೆದಷ್ಟು ಅಂಗಡಿಯಿಂದ ತಂದ ದಿನವೂ ಹೊಳೆದಿರಲಾರದು.

ಆ ಸಭೆ ಮಾಲೂರು ಕಡೆ ನಡೆದದ್ದು. ತೊಂದರೆಗಳ ಚಿತ್ರ ಹರಡಿ, ಅವುಗಳ ಮೇಲಿಟ್ಟು ಓಟು ಹಾಕಲು ಬೀಜವೋ ಕಲ್ಲೋ ಕೊಡಿ ಎಂದು ಮೇಡಂ ಹೇಳಿದ್ದರು. ನಾನು ಮರೆತು ಬಂದಿದ್ದೆ. ಪಕ್ಕದ ಅಂಗಡಿಯಿಂದ ಹುರಿಗಡಲೆ ತರಿಸಿ ತಲೆಗೆ ಮೂರರಂತೆ ಹಂಚಿದೆ. ಚರ್ಚೆ ಕಾವೇರಿತು, ಹೆಂಗಸರು ವಾದ ಮಾಡುತ್ತಾ ಮಾಡುತ್ತಾ ಓಟುಗಳನ್ನು ಬಾಯಿಗೆ ಹಾಕಿಕೊಂಡರು. ಎಣಿಸಲು ಹೋದರೆ ಚಿತ್ರಗಳ ಮೇಲೆ ಎರಡೇ ಎರಡು ಕಡಲೆ. ಅಜ್ಜಿಯೊಬ್ಬಳು ಇನ್ನೊಂದು ಹಿಡಿ ಓಟು ಕೊಡಮ್ಮ ಎಂದು ಸೆರಗು ಒಡ್ಡಿದಳು. ಸದಸ್ಯರು ಉತ್ಸಾಹದಿಂದ ಪಾಲ್ಗೊಂಡರು ಎಂದು ಮೇಡಂ ವರದಿ ಬರೆದರು. ಮುಂದಿನ ಸಭೆಯಿಂದ ಹುಣಸೆಬೀಜ ಒಯ್ಯತೊಡಗಿದೆ.

ನಾನು ನಿಜವಾಗಿ ಹೇಳಲು ಹೊರಟದ್ದು ಗೌನಿಪಲ್ಲಿ ಕಡೆಯ ಒಂದು ಊರಿನ ಗುಂಪಿನ ಕತೆ. ಆ ಕಡೆ ಮನೆಯೊಳಗೆ ತೆಲುಗು, ಅಂಗಡಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ. ಊರ ಸುತ್ತ ಮಾವು, ನೀರಿದ್ದ ಕಡೆ ಹಿಪ್ಪುನೇರಳೆ, ಸುಮಾರು ಮನೆಗಳಿಗೆ ಪಕ್ಕದಲ್ಲೇ ರೇಷ್ಮೆ ಹುಳ ಸಾಕುವ ಮನೆ. ಗುಂಪಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೆಂಗಸರಿದ್ದರು. ಮಾತಿಗೆ ಯಾರೂ ಹಿಂದೆ ಬೀಳುವವರಲ್ಲ, ನಾಗವೇಣಿಯೊಬ್ಬಳನ್ನು ಬಿಟ್ಟು.

ನಾಗವೇಣಿ ಸರೋಜಮ್ಮನ ಸೊಸೆ. ಮೊದಲ ಹೆರಿಗೆಯಲ್ಲಿ ಕೂಸು ಅಳಲೇ ಇಲ್ಲ. ಎರಡನೆಯದು ಚಳಿಗಾಲದಲ್ಲಿ ಹುಟ್ಟಿತು, ತವರಿನಲ್ಲಿ ನಾಲ್ಕನೇ ದಿನಕ್ಕೆ ತಣ್ಣಗಾಗಿ ಹೋಯಿತು. ಎರಡು ಸಲವೂ ಬರಿಗೈಯಲ್ಲಿ ಗಂಡನ ಮನೆಗೆ ಬಂದವಳು ಈಗ ಮೂರನೆಯದಕ್ಕೆ ಐದು ತಿಂಗಳ ಬಸುರಿ. ಈ ಸಲ ತವರಿಗೆ ಕಳಿಸುವುದಿಲ್ಲ, ನನ್ನ ಕಣ್ಣೆದುರಿಗೇ ಬಾಣಂತನ ಎಂದು ಸರೋಜಮ್ಮ ಹಟ ಹಿಡಿದಿದ್ದಳು. ಕುರುಡುಮಲೆ ಗಣಪನಿಗೆ ಹರಕೆಯನ್ನೂ ಹೊತ್ತಿದ್ದಳು. ಕೆಟ್ಟ ಅತ್ತೆಯಲ್ಲ, ಹೆದರಿದ ಅತ್ತೆ.

ಓಟು ಹಾಕುವ ದಿನ ಚಿತ್ರಗಳನ್ನು ಚಾಪೆಯ ಮೇಲೆ ಹರಡಿದೆ. ಹುಟ್ಟಿದ ಕೆಲವೇ ದಿನಕ್ಕೆ ತೀರಿಹೋಗುವ ಕೂಸಿನ ಚಿತ್ರದ ಮೇಲೆ ಹುಣಸೆಬೀಜಗಳು ರಾಶಿ ಬಿದ್ದವು. ಎಣಿಸುವ ಅಗತ್ಯವೇ ಇರಲಿಲ್ಲ. ನಾಗವೇಣಿಯತ್ತ ಯಾರೂ ನೋಡಲಿಲ್ಲ, ನೋಡದಿರಲು ಎಲ್ಲರೂ ಎಷ್ಟು ಪಾಡುಪಟ್ಟರೆಂದರೆ ಇಡೀ ಗುಂಪು ಮಾಳಿಗೆಯ ಜಂತೆ ನೋಡುತ್ತಾ ಕೂತಿತ್ತು. ಆ ದಿನದಿಂದ ಅವಳ ಹೊಟ್ಟೆಯಲ್ಲಿದ್ದ ಕೂಸು ಗುಂಪಿನ ಕೂಸಾಯಿತು. ಇದನ್ನು ಉಳಿಸಿಕೊಳ್ಳಬೇಕು ಎಂದು ಯಾರೂ ಬಾಯಿ ಬಿಟ್ಟು ಹೇಳದೆಯೇ ತೀರ್ಮಾನವಾಯಿತು.

ಮುಂದಿನ ಸಭೆಗೆ ಹಸುಗೂಸಿನ ಆರೈಕೆಯ ಪಟಗಳನ್ನು ಒಯ್ದೆ. ಕೂಸನ್ನು ಬೆಚ್ಚಗಿಡುವುದು, ಹುಟ್ಟಿದ ಕೂಡಲೇ ನೀರು ಹಾಕದಿರುವುದು, ಕೈ ತೊಳೆದು ಮುಟ್ಟುವುದು, ಬಂದ ನೆಂಟರೆಲ್ಲ ಎತ್ತಿಕೊಳ್ಳದಿರುವುದು. ಆಗ ವೆಂಕಟಲಕ್ಷ್ಮಮ್ಮ ಮಾತಾಡಿದಳು. ಊರಿನಲ್ಲಿ ಅವಳಷ್ಟು ಚೆನ್ನಾಗಿ ಹುಳ ಸಾಕುವವರು ಇನ್ನೊಬ್ಬರಿಲ್ಲ. ಅವಳಿಗೂ ಸರೋಜಮ್ಮನಿಗೂ ಬದುವಿನ ಮೇಲಿನ ಒಂದು ನುಗ್ಗೆಮರದ ದೆಸೆಯಿಂದ ವರ್ಷಗಳಿಂದ ಮಾತಿಲ್ಲ. ಇಬ್ಬರೂ ಸುತ್ತಿನಲ್ಲಿ ಎದುರುಬದುರು ಕೂತು, ಆಯಮ್ಮನಿಗೆ ಹೇಳು ನರ್ಸಮ್ಮ ಎಂದು ನನ್ನ ಮೂಲಕ ಮಾತಾಡುತ್ತಿದ್ದರು. ನಡುವೆ ನಾನು ಟಪಾಲು.

‘ಇದಕ್ಕೆ ಪಟ ಯಾಕಮ್ಮ ನರ್ಸಮ್ಮ?’ ಎಂದಳು ವೆಂಕಟಲಕ್ಷ್ಮಮ್ಮ. ‘ಚಾಕಿ ಹುಳಕ್ಕೆ ನಾವು ಇದನ್ನೇ ಅಲ್ವಾ ಮಾಡೋದು?’

ಚಾಕಿ ಎಂದರೆ ಮೊಟ್ಟೆಯಿಂದ ಆಗತಾನೆ ಹೊರಬಂದ ಎಳೆಹುಳ. ಗುಂಪಿಗೆ ಗುಂಪೇ ಎದ್ದು ಕೂತಿತು. ಹುಳದ ಮನೆಗೆ ಹೋಗುವ ಮುಂಚೆ ಬ್ಲೀಚಿಂಗ್ ಪುಡಿ ನೀರಿನಲ್ಲಿ ಕಾಲು ಅದ್ದುತ್ತೀವಿ ಎಂದಳೊಬ್ಬಳು. ಸೋಪು ಹಚ್ಚಿ ಕೈ ತೊಳೆಯುತ್ತೀವಿ ಎಂದಳು ಇನ್ನೊಬ್ಬಳು. ಗೋಡೆಯಲ್ಲಿ ತಾಪ ನೋಡುವ ಕಡ್ಡಿ ನೇತುಹಾಕುತ್ತೀವಿ, ತಂಡಿ ಗಾಳಿ ಬಿಡುವುದಿಲ್ಲ, ಹೊರಗಿನವರನ್ನು ಸೇರಿಸುವುದಿಲ್ಲ, ಸೊಪ್ಪಿನ ಹೊತ್ತು ತಪ್ಪಿಸುವುದಿಲ್ಲ. ಹುಳಕ್ಕೆ ಇಷ್ಟು ಮಾಡಿ ಕೂಸಿಗೆ ಮಾಡಿಲ್ಲವಲ್ಲೇ ನಾವು ಎಂದು ಒಬ್ಬಳು ಹಣೆ ಬಡಿದುಕೊಂಡಳು, ಉಳಿದವರು ನಗತೊಡಗಿದರು, ನಗುತ್ತಾ ಕೆಲವರು ಕಣ್ಣೊರೆಸಿಕೊಂಡರು. ನನಗಂತೂ ತಲೆ ನಿಲ್ಲಲಿಲ್ಲ. ಇಷ್ಟು ವರ್ಷ ಗಂಟಲು ಹರಿದುಕೊಂಡು ಹೇಳಿದ್ದು ಇವರ ಕೈಯಲ್ಲೇ ಇತ್ತಲ್ಲ ಎಂದು ಕುಣಿಯುವಂತಾಯಿತು. ಮೇಡಂ ಅವತ್ತು ಬಂದಿರಲಿಲ್ಲ, ಕನ್ನಡಕ ಒರೆಸುವವರಿರಲಿಲ್ಲ. ‘ಚಾಕಿಗೆ ಏನೇನು ಮಾಡ್ತೀರೋ ಅದನ್ನೆಲ್ಲ ಹಾಗ್ಹಾಗೇ ಕೂಸಿಗೂ ಮಾಡಿ, ಸಾಕು. ನಾನಿನ್ನು ಬರೋದೇ ಬೇಡ’ ಎಂದುಬಿಟ್ಟೆ.

ಹುಳದ ವಿಷಯದಲ್ಲಿ ನನಗೆ ಗೊತ್ತಿದ್ದದ್ದು ಅದು ಸೊಪ್ಪು ತಿನ್ನುತ್ತದೆ ಎನ್ನುವುದಷ್ಟೇ. ಚೀಲದಲ್ಲಿ ಇನ್ನೊಂದು ಪಟ ಉಳಿದಿತ್ತು. ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈ ತಣ್ಣಗಾದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ ಎನ್ನುವ ಪಟ. ಅಷ್ಟು ನಗುವಿನ ನಡುವೆ ಆ ಮಂಕು ಕೂಸಿನ ಚಿತ್ರ ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮುಂದಿನ ತಿಂಗಳು ತೋರಿಸಿದರಾಯಿತು ಎಂದುಕೊಂಡೆ. ಮುಂದಿನ ತಿಂಗಳುಗಳಲ್ಲಿ ಮಾವಿನ ಕೊಯ್ಲು ಬಂತು, ಮದುವೆಗಳು ಬಂದವು, ಸಭೆಗಳು ತಪ್ಪಿದವು. ಪಟ ಚೀಲದಲ್ಲೇ ಇತ್ತು.

ನಾಗವೇಣಿಗೆ ಆಸ್ಪತ್ರೆಯಲ್ಲಿ ಹೆಣ್ಣು ಮಗು ಹುಟ್ಟಿತು. ಸ್ವಲ್ಪ ಸಣ್ಣ ಕೂಸು, ಆದರೆ ಹುಟ್ಟುತ್ತಲೇ ಚೆನ್ನಾಗಿ ಅತ್ತಿತು. ಮೂರನೇ ದಿನ ಮನೆಗೆ ಬಂದರು. ಅಷ್ಟರಲ್ಲಿ ಸರೋಜಮ್ಮ ಬಾಣಂತಿ ಕೋಣೆಯನ್ನು ಹುಳದ ಮನೆಯ ಕಾನೂನಿಗೆ ತಂದಿದ್ದಳು. ಬಾಗಿಲಲ್ಲಿ ಬ್ಲೀಚಿಂಗ್ ನೀರಿನ ಬಾಣಲೆ, ಪಕ್ಕದಲ್ಲಿ ಸೋಪು, ಕಿಟಕಿಗೆ ಬಲೆ, ಗೋಡೆಯಲ್ಲಿ ತಾಪದ ಕಡ್ಡಿ. ಕೂಸನ್ನು ನೋಡಲು ನನ್ನ ಜೊತೆ ನಮ್ಮ ಡಾಕ್ಟರು ಬಂದರು. ಚಿಕ್ಕ ವಯಸ್ಸಿನವರು, ಮದುವೆ ಗೊತ್ತಾಗಿತ್ತು, ಅಚ್ಚುಕಟ್ಟಾಗಿ ಇರುತ್ತಿದ್ದರು. ಪಾಪ, ಪ್ಯಾಂಟು ಮಡಚಿ ಬಾಣಲೆಯಲ್ಲಿ ಕಾಲಿಟ್ಟರು, ಮೊಣಕೈವರೆಗೆ ತೊಳೆದರು. ಸರೋಜಮ್ಮ ಹತ್ತಿರ ಹೋಗಿ ಮೂಸಿ, ಸೆಂಟು ಹಾಕಿದ್ದೀರಿ, ಒಳಗೆ ಬಿಡುವುದಿಲ್ಲ ಎಂದಳು. ಹುಳಕ್ಕೆ ಸೆಂಟಿನ ವಾಸನೆ ಆಗುವುದಿಲ್ಲವಂತೆ. ಕೂಸನ್ನು ಬಾಗಿಲಿಗೆ ತಂದು ತೋರಿಸಿದರು, ಡಾಕ್ಟರು ಬಾಣಲೆಯಲ್ಲಿ ನಿಂತೇ ಪರೀಕ್ಷೆ ಮಾಡಿದರು. ಚೆನ್ನಾಗಿದೆ ಎಂದರು. ನಾವಿಬ್ಬರೂ ಜೀಪಿನಲ್ಲಿ ಗೌನಿಪಲ್ಲಿವರೆಗೂ ನಕ್ಕೆವು.

ಅದಾಗಿ ಎರಡು ದಿನಕ್ಕೆ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನೊಬ್ಬಳೇ ಹೋದೆ. ಆಶಾ ಕಾರ್ಯಕರ್ತೆ ಬೇರೊಬ್ಬ ಬಸುರಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋಗಿದ್ದಳು. ಬಾಗಿಲಲ್ಲಿ ಸರೋಜಮ್ಮ ತುಟಿಯ ಮೇಲೆ ಬೆರಳಿಟ್ಟು ನಿಂತಿದ್ದಳು.

‘ಕೂತಿದೆ ನರ್ಸಮ್ಮ’ ಎಂದು ಪಿಸುಗುಟ್ಟಿದಳು. ‘ಬೆಳಗಿನ ಜಾವದಿಂದ ಕೂತಿದೆ. ಈಗ ಮುಟ್ಟಬಾರದು, ಸೊಪ್ಪೂ ಹಾಕಬಾರದು.’

ನನಗೆ ತಿಳಿಯಲಿಲ್ಲ. ಅವಳೇ ಬಿಡಿಸಿ ಹೇಳಿದಳು. ರೇಷ್ಮೆ ಹುಳ ಪೊರೆ ಬಿಡುವ ಮುಂಚೆ ಒಂದು ದಿನ ತಿನ್ನದೆ, ಅಲುಗಾಡದೆ ಕೂತಿರುತ್ತದೆ. ಆ ಹೊತ್ತಿನಲ್ಲಿ ಅದನ್ನು ಕದಲಿಸಿದರೆ, ಸೊಪ್ಪು ಹಾಕಿದರೆ ಕೆಡುತ್ತದೆ. ತನ್ನಷ್ಟಕ್ಕೆ ಎದ್ದ ಮೇಲೆ ಮೊದಲಿಗಿಂತ ಹೆಚ್ಚು ತಿನ್ನುತ್ತದೆ, ಬೆಳೆಯುತ್ತದೆ. ಕೂಸಿನ ಹಾಲಿಗೆ ಸರೋಜಮ್ಮ ಸೊಪ್ಪು ಎಂದಿದ್ದನ್ನು ಕೇಳಿ ನನಗೆ ನಗು ಒತ್ತರಿಸಿಕೊಂಡು ಬಂತು. ಸದ್ದಾಗಬಾರದೆಂದು ಸೆರಗು ಬಾಯಿಗೆ ತುರುಕಿಕೊಂಡೆ. ಕೂಸು ನಿದ್ದೆ ಮಾಡುತ್ತಿದೆ, ಈ ಹೆಂಗಸು ನನ್ನ ಮಾತನ್ನು ಎಷ್ಟು ಶಿಸ್ತಾಗಿ ಪಾಲಿಸುತ್ತಿದ್ದಾಳೆ ಎಂದು ಹೆಮ್ಮೆಪಟ್ಟು ಬಾಗಿಲಿಂದಲೇ ತಿರುಗಿದೆ. ಬೀದಿಯ ಕೊನೆಯಲ್ಲಿ ಹಾಲಿನ ಡೈರಿಯ ಜಗಲಿ ಮೇಲೆ ಕೂತು, ಯಾರೋ ಕೊಟ್ಟ ಕಾಫಿ ಪಕ್ಕದಲ್ಲಿಟ್ಟುಕೊಂಡು ಪುಸ್ತಕದಲ್ಲಿ ಬರೆದೆ: ಮಗು ನಿದ್ದೆಯಲ್ಲಿದೆ, ಆರೋಗ್ಯವಾಗಿದೆ.

ಹೊಸ ಹುಡುಗಿಯರೇ, ಆ ಸಾಲನ್ನು ಇನ್ನೊಮ್ಮೆ ಓದಿ. ನಾನು ಕೂಸನ್ನು ನೋಡಿರಲಿಲ್ಲ.

ಕಾಫಿ ಮುಗಿದಿರಲಿಲ್ಲ. ವೆಂಕಟಲಕ್ಷ್ಮಮ್ಮ ಸರೋಜಮ್ಮನ ಮನೆ ಕಡೆಯಿಂದ ಓಡಿಬಂದಳು. ಕಾಲು ಒದ್ದೆಯಾಗಿತ್ತು, ಹೆಜ್ಜೆ ಹೆಜ್ಜೆಗೂ ಬ್ಲೀಚಿಂಗ್ ವಾಸನೆ.

‘ತ್ವರಗಾ ರಾ ನರ್ಸಮ್ಮಾ, ಬೇಗ ಬಾ’ ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದಳು. ‘ಕೂತ ಹುಳ ತಲೆ ಎತ್ಕೊಂಡಿರುತ್ತೆ. ಈ ಕೂಸಿನ ಕೈ ಎತ್ತಿ ಬಿಟ್ರೆ ಹಂಗೇ ಬಿದ್ದೋಗುತ್ತೆ. ಇದು ಕೂತಿರೋದಲ್ಲ ಕಣಮ್ಮ. ರೋಗ ಬಿದ್ದ ಹುಳ ಹಿಂಗೇ ಜೋತು ಬೀಳೋದು.’

ನಾನು ಅಷ್ಟು ವೇಗವಾಗಿ ಎಂದೂ ಓಡಿಲ್ಲ. ಕೋಣೆಯಲ್ಲಿ ನಾಗವೇಣಿ ಕೂಸಿನ ಪಕ್ಕದಲ್ಲಿ ಕೈ ಕಟ್ಟಿಕೊಂಡು ಕೂತಿದ್ದಳು. ಹಾಲು ಕೊಡುತ್ತೀನಿ ಎಂದು ಎರಡು ಸಲ ಕೇಳಿದ್ದಳಂತೆ, ಮುಟ್ಟಬೇಡ ಎಂದಿದ್ದರಂತೆ. ಕೂಸಿನ ಪಾದ ತಣ್ಣಗಿತ್ತು. ತುಟಿಗೆ ಬೆರಳಿಟ್ಟರೆ ಚೀಪಲಿಲ್ಲ. ಉಸಿರಿತ್ತು, ಅಷ್ಟೇ. ಕೂಸಿನ ಬಟ್ಟೆ ಬಿಚ್ಚಿ ನಾಗವೇಣಿಯ ಎದೆಗೆ ಮೈಗೆ ಮೈ ತಾಗುವಂತೆ ಒತ್ತಿ, ಮೇಲೆ ಅವಳ ರವಿಕೆ, ಸೀರೆ, ನನ್ನ ಸೆರಗು ಎಲ್ಲ ಸುತ್ತಿದೆ. ಆಂಬುಲೆನ್ಸಿಗೆ ಫೋನು ಮಾಡಿದರೆ ಅದು ಬೇರೆಲ್ಲೋ ಇತ್ತು, ಬರಲು ಹೊತ್ತಾಗುತ್ತಿತ್ತು.

ಊರ ಬಾಗಿಲಲ್ಲಿ ಟೊಮೆಟೊ ತುಂಬಿದ ಪಿಕಪ್ ಹೊರಡಲು ನಿಂತಿತ್ತು. ವೆಂಕಟಲಕ್ಷ್ಮಮ್ಮ ಹೋಗಿ ಅದರ ಮುಂದೆ ನಿಂತಳು. ಡ್ರೈವರು ಏನೋ ಹೇಳಲು ಬಾಯಿ ತೆರೆದು, ಅವಳ ಮುಖ ನೋಡಿ ಬಾಗಿಲು ತೆರೆದ. ನಾಗವೇಣಿ ಮತ್ತು ನಾನು ಮುಂದೆ ಕೂತೆವು. ಹಿಂದೆ ಜಾಗವಿರಲಿಲ್ಲ, ಕ್ರೇಟುಗಳು ಮಾತ್ರ. ಸರೋಜಮ್ಮ ಆ ಕ್ರೇಟುಗಳ ಮೇಲೆ ಹತ್ತಿದಳು. ವೆಂಕಟಲಕ್ಷ್ಮಮ್ಮನೂ ಹತ್ತಿದಳು. ಹಿಂದಿನ ಗಾಜಿನಿಂದ ತಿರುಗಿ ನೋಡಿದರೆ, ವರ್ಷಗಳಿಂದ ಮಾತು ಬಿಟ್ಟ ಇಬ್ಬರೂ ಟೊಮೆಟೊ ಮೇಲೆ ಅಕ್ಕಪಕ್ಕ ಕೂತು ಒಬ್ಬರ ತೋಳನ್ನೊಬ್ಬರು ಹಿಡಿದುಕೊಂಡಿದ್ದರು. ಗಟ್ಟಿಯಾಗಿ ಹಿಡ್ಕೋ ಎಂದು ಸರೋಜಮ್ಮ ಹೇಳಿದಳಂತೆ. ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು ಅದು. ಡ್ರೈವರು ದಾರಿಯುದ್ದಕ್ಕೂ ಹಾರನ್ನಿನಿಂದ ಕೈ ತೆಗೆಯಲಿಲ್ಲ. ಅಳು ಬರಬೇಕಾದ ಹೊತ್ತಿನಲ್ಲಿ ನನಗೆ ನಗು ಬಂತು, ನಾಗವೇಣಿ ನನ್ನನ್ನೇ ನೋಡುತ್ತಿದ್ದಾಳೆಂದು ತಿಳಿದು ನಾಚಿಕೆಯೂ ಆಯಿತು. ದಾರಿಯಲ್ಲಿ ಒಂದೆಡೆ ಅವಳು ನನ್ನ ಕೈ ಎಳೆದು ತನ್ನ ಎದೆಯ ಹತ್ತಿರ ಇಟ್ಟುಕೊಂಡಳು. ಕೂಸಿನ ಬೆನ್ನು ಸ್ವಲ್ಪ ಬೆಚ್ಚಗಾಗಿತ್ತು.

ಆಸ್ಪತ್ರೆಯಲ್ಲಿ ಸೋಂಕು ಎಂದರು. ಸಂಜೆಯವರೆಗೆ ಬಿಟ್ಟಿದ್ದರೆ ಕಷ್ಟವಿತ್ತು ಎಂದರು. ಅಲ್ಲಿನ ಡಾಕ್ಟರಮ್ಮ ಯಾರು ಗುರುತಿಸಿದ್ದು ಎಂದು ಕೇಳಿದಾಗ ನಾನು ವೆಂಕಟಲಕ್ಷ್ಮಮ್ಮನನ್ನು ಮುಂದೆ ತಳ್ಳಿದೆ. ಅವಳು ರೋಗದ ಹುಳಕ್ಕೂ ಕೂತ ಹುಳಕ್ಕೂ ಇರುವ ವ್ಯತ್ಯಾಸವನ್ನು ಕತ್ತು ಎತ್ತಿ, ಕತ್ತು ಜೋಲು ಬಿಟ್ಟು ಮಾಡಿ ತೋರಿಸಿದಳು. ವಾರ್ಡಿನ ನರ್ಸುಗಳೆಲ್ಲ ಸೇರಿದರು. ಇನ್ನೊಮ್ಮೆ ಮಾಡಿ ತೋರಿಸಮ್ಮ ಎಂದರು. ಮೂರು ಸಲ ಮಾಡಿದಳು. ಕೂಸು ಹಲವು ದಿನ ಅಲ್ಲೇ ಇತ್ತು. ಹಾಲು ಚೀಪಲು ಶುರುಮಾಡಿದ ದಿನ ಸರೋಜಮ್ಮ ಇಡೀ ವಾರ್ಡಿಗೆ ಬಾಳೆಹಣ್ಣು ಹಂಚಿದಳು.

ಕೂಸು ಮನೆಗೆ ಬಂದ ಮೇಲೆ ಸಭೆ ಸೇರಿತು. ಮೇಡಂ ಕೂಡ ಬಂದಿದ್ದರು. ನಾನು ಮೊದಲು ಚೀಲದಲ್ಲಿದ್ದ ಪಟ ತೆಗೆದು ಹರಡಿದೆ, ತಿಂಗಳುಗಟ್ಟಲೆ ತಡವಾಗಿ. ಆಮೇಲೆ ಪುಸ್ತಕ ತೆಗೆದು ನಾನು ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಕೂಸನ್ನು ನೋಡದೆ ಬರೆದೆ, ಬಾಗಿಲಿಂದಲೇ ನಗುತ್ತಾ ಹೋದೆ, ತಪ್ಪು ಸರೋಜಮ್ಮನದಲ್ಲ, ಹುಳಕ್ಕೆ ಮಾಡಿದ್ದೆಲ್ಲ ಮಾಡಿ ಎಂದವಳು ನಾನು ಎಂದೆ. ಮೇಡಂ ಕನ್ನಡಕಕ್ಕೆ ಕೈ ಹಾಕಲಿಲ್ಲ.

‘ಬಿಡು ನರ್ಸಮ್ಮ’ ಎಂದಳು ವೆಂಕಟಲಕ್ಷ್ಮಮ್ಮ. ‘ಬೇರೆ ಯಾರ ಮನೆ ಆಗಿದ್ರೂ ನಾನೂ ಬಾಗಿಲಿಂದ್ಲೇ ವಾಪಸ್ ಹೋಗ್ತಿದ್ದೆ. ಒಳಗೆ ಬರಬೇಡ ಅಂದಿದ್ದು ಈಯಮ್ಮ. ಈಯಮ್ಮನ ಮಾತು ನಾನು ಯಾವತ್ತು ಕೇಳಿದ್ದೀನಿ?’

ಮೊದಲು ನಕ್ಕವಳು ಸರೋಜಮ್ಮ. ಆಮೇಲೆ ಆ ನಗುವನ್ನು ತಡೆಯುವುದು ಯಾರ ಕೈಯಲ್ಲೂ ಆಗಲಿಲ್ಲ. ಮೇಡಂ ಗೋಡೆಗೆ ಒರಗಿ ನಕ್ಕರು. ನಗುತ್ತಲೇ ಒಂದು ಕಾನೂನು ಪಾಸಾಯಿತು: ಇನ್ನು ಮುಂದೆ ಊರಿನಲ್ಲಿ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ದಿನಕ್ಕೊಮ್ಮೆ ಆ ಮನೆಯ ಅತ್ತೆಗೆ ಆಗದವಳೊಬ್ಬಳು ಒಳಗೆ ಹೋಗಿ ಕೂಸನ್ನು ಮುಟ್ಟಿ ನೋಡಬೇಕು. ತಕ್ಷಣ ಯಾರಿಗೆ ಯಾರು ಆಗದವರು ಎಂದು ಪಟ್ಟಿ ಶುರುವಾಯಿತು. ಊರಿನ ಹಳೆಯ ಜಗಳಗಳೆಲ್ಲ ಒಂದೊಂದಾಗಿ ಹೊರಬಂದವು. ನನಗೆ ನೀನು, ನಿನಗೆ ಅವಳು ಎಂದು ಬೆರಳು ತೋರಿಸಿಕೊಂಡು ಹೆಂಗಸರು ಬಿದ್ದು ಬಿದ್ದು ನಕ್ಕರು. ತನಗೆ ಯಾರೂ ಶತ್ರುಗಳಿಲ್ಲ ಎಂದ ಒಬ್ಬಳಿಗೆ ಹುಡುಕಿ ಕೊಡಬೇಕಾಯಿತು. ನಾನು ವರ್ಗವಾಗಿ ಹೋಗುವವರೆಗೂ ಆ ಕಾನೂನು ನಡೆದೇ ಇತ್ತು. ನಿಮಗೆ ನಾನು ಹೇಳುವುದೂ ಇಷ್ಟೇ. ಬಾಗಿಲಲ್ಲಿ ಯಾರೇ ನಿಲ್ಲಿಸಲಿ, ಎಷ್ಟೇ ನಗು ಬರಲಿ, ಕೈ ತೊಳೆದು ಒಳಗೆ ಹೋಗಿ ಕೂಸನ್ನು ಮುಟ್ಟಿ ನೋಡಿದ ಮೇಲೆ ಪುಸ್ತಕ ತೆಗೆಯಿರಿ.

ಆ ಗಲಾಟೆಯ ನಡುವೆ ನಾಗವೇಣಿ ಎದ್ದು ಬಂದು ನನ್ನ ಮುಂದೆ ಕೂತಳು. ಅಷ್ಟು ಸಭೆಗಳಲ್ಲಿ ಅವಳ ಧ್ವನಿಯನ್ನು ನಾವು ಕೇಳಿರಲಿಲ್ಲ. ಕೂಸನ್ನು ನನ್ನ ಮಡಿಲಿಗೆ ಹಾಕಿ, ಸುತ್ತಿದ್ದ ಬಟ್ಟೆಯನ್ನು ತಾನೇ ಬಿಚ್ಚಿದಳು.

‘ಅವತ್ತು ನೋಡಲಿಲ್ಲವಲ್ಲ ಸಿಸ್ಟರ್. ಈಗ ನೋಡಿ.’

ಮಾತಿನಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಸುಲಭವಾಗುತ್ತಿತ್ತು. ನಾನು ನೋಡಿದೆ. ನೆತ್ತಿ ನೋಡಿದೆ, ಕಣ್ಣು ನೋಡಿದೆ, ಹೊಕ್ಕುಳು ನೋಡಿದೆ, ಹತ್ತು ಬೆರಳು ಮುಟ್ಟಿ ನೋಡಿದೆ, ಪಾದಗಳನ್ನು ಕೈಯಲ್ಲಿ ಹಿಡಿದೆ. ಬೆಚ್ಚಗಿದ್ದವು. ಮೈಗೆ ಗಾಳಿ ತಾಗಿ ಕೂಸು ಮುಖ ಕೆಂಪು ಮಾಡಿಕೊಂಡು ಕಿರುಚಿತು. ಎಂಥ ಗಂಟಲು ಎನ್ನುತ್ತೀರಿ. ನಾಲ್ಕೈದು ಜನ ಎತ್ತಿಕೊಳ್ಳಲು ಕೈ ಚಾಚಿದರು, ಸರೋಜಮ್ಮ ಬಟ್ಟೆ ಹೊದಿಸಲು ಬಂದಳು. ನಾಗವೇಣಿ ಅವಳ ಕೈಯಿಂದ ಬಟ್ಟೆ ತೆಗೆದುಕೊಂಡು ತಾನೇ ಕೂಸಿಗೆ ಹೊದಿಸಿದಳು, ಆದರೆ ಎತ್ತಿಕೊಳ್ಳಲಿಲ್ಲ.

‘ಇರಿ ಅತ್ತೆ, ಯಾರೂ ಸಮಾಧಾನ ಮಾಡಬೇಡಿ’ ಎಂದಳು. ‘ಇನ್ನು ಸ್ವಲ್ಪ ಹೊತ್ತು ಅಳಲಿ.’

ಹೆಂಗಸರೆಲ್ಲ ಇದ್ದಲ್ಲೇ ಕೂತರು. ಕೂಸು ಅಳುತ್ತಿತ್ತು, ನಾವೆಲ್ಲ ಕೇಳಿಸಿಕೊಳ್ಳುತ್ತಾ ಕೂತಿದ್ದೆವು.